ಅರ್ಧ ಇಂಚು

ಮೈ ಒತ್ತಿ ನೆಟ್ಟಗೆ ಮಾಡುವ ಚಿಕಿತ್ಸಾಲಯದ ಬೆಂಚಿನ ಮೇಲೆ ಕಂಡಕ್ಟರ್ ತನ್ನ ಸರದಿಗೆ ಕಾಯುತ್ತಿದ್ದ. ಕತ್ತು ಹಿಡಿದುಕೊಂಡಿದ್ದರೇನು, ಕಿವಿಗೇನು ಧಾಡಿ! ಪಕ್ಕದಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್, ಅವರ ಮಗಳು.

"ಇವತ್ತು ಬೇಡಮ್ಮ, ಮನೆಗೆ ಹೋಗೋಣ."

"ಐದು ಸಲ ಒತ್ತಿಸ್ಕೊಂಡಿದ್ದಕ್ಕೇ ಹೆಗಲು ಎಷ್ಟು ಸಮ ಆಗಿದೆ ನೋಡಪ್ಪ!"

"ಸಮ ಆದಾಗಿನಿಂದ ಅಂಗಿ ಎಡ ಹೆಗಲಲ್ಲಿ ಹಿಡೀತಿದೆ."

"ಹಳೇದಲ್ವಾ, ಹೊಸದು ತರೋಣ."

"ನಿನ್ನೆ ಎಲ್ಲಾ ಅಂಗೀನೂ ಹರವಿ ನೋಡ್ದೆ. ಎಲ್ಲಾದ್ರಲ್ಲೂ ಎಡ ಹೆಗಲನ್ನ ಅರ್ಧ ಇಂಚು ಇಳಿಸೇ ಹೊಲಿದಿದ್ದಾಳೆ ನಿಮ್ಮಮ್ಮ."

"ನಿನಗೆ ಹೇಳಿರ್ಲಿಲ್ವಾ?"

"ಒಂದು ಮಾತೂ ಇಲ್ಲ. ಮೂವತ್ತು ವರ್ಷ ಚೀಲ ಹೊತ್ರೂ ನನ್ನ ಹೆಗಲು ಒಂಚೂರೂ ಬಾಗಲಿಲ್ಲ ಅಂತ ಅವಳ ಮುಂದೇನೇ ಜಂಬ ಕೊಚ್ಚಿಕೊಳ್ತಿದ್ದೆ. ನಗ್ತಾ ಹೂಂ ಅಂತಿದ್ಳು."

"ಅಪ್ಪ..."

"ಈಗ ಹೊಸದಾಗಿ ಅಳತೆ ತಗೊಳ್ಳೋಕೆ ಅವಳೆಲ್ಲಿದಾಳೆ?"

ಒಳಗಿನಿಂದ ಕರೆ ಬಂತು. ಪೋಸ್ಟ್‌ಮ್ಯಾನ್ ಎದ್ದರು. ಎಡ ಹೆಗಲನ್ನು ಮೆಲ್ಲಗೆ ಇಳಿಸಿ, ಅಂಗಿ ಸರಿಯಾಗಿ ಕೂತ ಮೇಲೆ, ಎದುರಿನ ಹೊರಬಾಗಿಲ ಕಡೆ ನಡೆದರು. ಮಗಳು ತಡೆಯದೆ ಹಿಂದೆಯೇ ಹೋದಳು.

ಬೆನ್ನ ಹಿಂದಿನಿಂದ ನೋಡುತ್ತಿದ್ದ ಕಂಡಕ್ಟರ್‌ಗೆ, ಎಲ್ಲೂ ಸುಕ್ಕಿಲ್ಲದೆ ಕೂತ ಆ ಅಂಗಿಯಲ್ಲಿ ಅವರ ಹೆಗಲು ಸಮವಾಗಿಯೇ ಕಂಡಿತು.