ಅಡಿಲೇಡಿಗೆ ಹೊರಟ ಫೋನು

ಅಡಿಲೇಡಿನಿಂದ ಸುಮಾರು ಎಂಟುನೂರು ಕಿಲೋಮೀಟರ್ ದೂರದ ಸೆಡೂನಾದಲ್ಲಿ, ಅಡಿಲೇಡ್ ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಸಮುದ್ರದ ಸಿಂಪಿ ಸಾಕುವ ಕಂಪನಿಯ ನೋಲೀನ್ ನಿಂತಿದ್ದಳು. ಬಿಡಲು ಬಂದಿದ್ದ ಅವಳ ಸಹೋದ್ಯೋಗಿ ಡ್ಯಾರಿಲ್ ಅವಳ ಚೀಲದೊಳಗೆ ಇಣುಕಿದ.

"ಆಫೀಸ್ ಫೋನ್ ಯಾಕೆ ಕಿತ್ಕೊಂಡ್ ಬಂದೆ, ಮಾರಾಯ್ತಿ?"

"ನಮ್ಮ ಗ್ಲೆನ್ ಆಫೀಸಲ್ಲಿ ಎದೆ ಹಿಡ್ಕೊಂಡು ಬಿದ್ದಾಗ ಇದ್ರಿಂದಾನೇ ಆಂಬ್ಯುಲೆನ್ಸ್ ಕರೆದಿದ್ದು. ಊರ ಹೆಸರು ಹೇಳೋದ್ರೊಳಗೆ ಲೈನ್ ಕಟ್ಟಾಯ್ತು. ಗಾಡಿ ಎಲ್ಲಿಗೆ ಹೋಯ್ತು?"

"ಅಡಿಲೇಡ್ ಹೆಡ್ಡಾಫೀಸಿಗೆ."

"ಇಂಟರ್ನೆಟ್ ಫೋನಲ್ವಾ, ಎಲ್ಲಾ ಬ್ರಾಂಚಿಗೂ ಅಲ್ಲಿನ ವಿಳಾಸಾನೇ ಹಾಕಿಟ್ಟಿದಾರೆ. ಆಂಬ್ಯುಲೆನ್ಸಿನೋರಿಗೆ ಕಾಣೋದು ಅದೇ."

"ಗ್ಲೆನ್ ಉಳ್ಕೊಂಡ್ನಲ್ಲ, ಬಿಡು."

"ನೀನು ನಿನ್ನ ಕಾರಲ್ಲಿ ಆಸ್ಪತ್ರೆಗೆ ಹಾಕ್ಕೊಂಡ್ ಹೋದೆ, ಉಳ್ಕೊಂಡ. ನೀನೇ ಬಿದ್ರೆ?"

"ಹೆಡ್ಡಾಫೀಸಿಗೆ ಇನ್ನೊಂದು ಮೇಲ್ ಹಾಕು."

"ಹಾಕಿ ಹಾಕಿ ಬೆರಳು ಸವೀತು. ಇದನ್ನ ಬಾಸ್ ಮೇಜಿನ ಮೇಲಿಟ್ಟು ಎದುರಿಗೆ ಕೂರ್ತೀನಿ. ವಿಳಾಸ ತಿದ್ದೋವರೆಗೂ ಏಳಲ್ಲ."

"ಅಲ್ಲೀವರೆಗೆ ನಾವು?"

"ಮೊಬೈಲಿದೆ. ಮೊದ್ಲು ಊರ ಹೆಸರು ಹೇಳಿ."

ಬಸ್ಸು ಬಂತು. ಡ್ರೈವರ್ ಚೀಲಕ್ಕೆ ಕೈ ಚಾಚಿದ.

"ಡಿಕ್ಕಿಗೆ ಬೇಡಪ್ಪ," ಎಂದು ನೋಲೀನ್ ಚೀಲವನ್ನು ತಬ್ಬಿಕೊಂಡು ಹತ್ತಿದಳು. "ಈ ಫೋನು ಅಡಿಲೇಡಲ್ಲೇ ಇದೀನಿ ಅಂತ ಹಟ ಹಿಡಿದಿದೆ. ಎಷ್ಟು ದೂರ ಅಂತ ದಾರಿಯುದ್ದಕ್ಕೂ ನೋಡ್ಲಿ."