ಸುರೇಬಾನದ ಬಾವಿಗೆ ಬಿದ್ದ ಸೊನ್ನಿ

...ಅಲ್ಲೋ ತಮ್ಮಾ, ಆಗ ಕಂಪ್ಯೂಟರ್ ಅಂದ್ರ ಹಿಂಗ ಕೈಯಾಗ ಹಿಡಿಯೂದಲ್ಲ, ಒಂದು ಮನಿಯಷ್ಟು ದೊಡ್ಡದು, ಅದೂ ಬೆಂಗಳೂರಾಗ. ನಾ ಅದರ ಮಾರಿ ಸುದ್ದಾ ನೋಡಿಲ್ಲ. ನಮ್ಮದು ಬೆಳಗಾವಿಯಾಗ ಬರೇ ಕಾರ್ಡಿಗೆ ತೂತು ಹೊಡಿಯೂ ಕೆಲಸ, ಆ ತೂತು ನೋಡಿನ ಮಷೀನು ಲೆಕ್ಕ ಓದತಿತ್ತು. ಸಂಪಗಾಂವದಿಂದ ಹೋಗಿ ಸೋದರತ್ತಿ ಮನ್ಯಾಗ ಇದ್ದು ಮಾಡತಿದ್ದೆ. ಎಪ್ಪತ್ತರ ಮ್ಯಾಲೆ ಒಂದೆರಡು ವರ್ಷ ಆಗಿತ್ತು ನೋಡ, ಮಳಿ ಕೈಕೊಟ್ಟಿತ್ತು. ಯಾವ ಊರಾಗ ಎಷ್ಟು ಬಾವಿ ಬತ್ತ್ಯಾವು ಅಂತ ಸರ್ಕಾರದವ್ರು ಲೆಕ್ಕ ತಗೊಂಡಿದ್ರು, ಒಂದು ಬಾವಿಗೆ ಒಂದು ಕಾರ್ಡು. ಆ ಲೆಕ್ಕ ನೋಡಿ ನೀರಿನ ಟ್ಯಾಂಕರ್ ಕಳಿಸೂದು. ನಮ್ಮಕ್ಕ ನೀಲವ್ವನ್ನ ರಾಮದುರ್ಗ ತಾಲೂಕಿನ ಸುರೇಬಾನಕ್ಕ ಕೊಟ್ಟಿತ್ತಲ್ಲ, ಆಕಿ ಬಸ್ಸು ಹತ್ತಿ ಬಂದ್ಲು. "ತಂಗೀ, ಟ್ಯಾಂಕರ್ ಬಂದ್ರ ಇರತೇವಿ, ಇಲ್ಲಂದ್ರ ಎತ್ತು ಮಾರಿ ಗೋವಾಕ್ಕ ದುಡಿಯಾಕ ಹೋಗೂದ" ಅಂದ್ಲು. ಚಿಂತಿ ಮಾಡಬ್ಯಾಡ, ನಿಮ್ಮೂರ ಕಾರ್ಡು ನಾನ ಹೊಡಿಯಾಕತ್ತೇನಿ ಅಂತ ಹೇಳಿ ಕಳಿಸಿದೆ. ಎಷ್ಟು ಧೈರ್ಯಲೆ ಹೇಳಿದ್ನೆಪಾ.

ಈಗ ಕೇಳ್ರಿ. ಆ ಮಷೀನು ಕೆಲಸಾನ ಎರಡು ಹಂತದಾಗ ಮಾಡತಿತ್ತು. ಮೊದಲ್ನೇದು ಕಾರ್ಡಿನ್ಯಾಗ ತಪ್ಪು ಅದಾವೇನು ನೋಡೂದು, ಎರಡನೇದು ಬತ್ತಿದ ಬಾವಿ ಎಣಿಸೂದು. ಮೊದಲ್ನೇದಕ್ಕ ಕೊಟ್ಟ ಕಾರ್ಡು ಎರಡನೇದಕ್ಕ ಸಿಗತಿರಲಿಲ್ಲ, ಮೊದಲ್ನೇ ಪಂಕ್ತಿಯವ್ರು ಉಂಡು ಪಾತೇಲಿ ಬರಿದು ಮಾಡಿಟ್ಟಂಗ. ಅದಕ್ಕ ನಮ್ಮಲ್ಲಿ ರೂಢಿ ಏನಂದ್ರ, ಪ್ರತಿ ಕಾರ್ಡು ಎರಡೆರಡು ಹೊಡಿಯೂದು, ಹಂತಕ್ಕ ಒಂದೊಂದು ಕಟ್ಟು. ಬೈಲಹೊಂಗಲದ್ದು ಹಂಗ ಹೋತು, ಸವದತ್ತಿದೂ ಹೋತು. ರಾಮದುರ್ಗದ ಪಾಳಿ ಬರೂದಕ್ಕ ಖಾಲಿ ಕಾರ್ಡು ತೀರಿದ್ವು. ಅಲ್ಲಲ್ಲ, ಪೂರಾ ತೀರಿರಲಿಲ್ಲ, ಒಂದ ಕಟ್ಟಿಗೆ ಆಗುವಷ್ಟು ಇದ್ವು. ನಮ್ಮ ಆಫೀಸಿನ ಸಾಹೇಬ್ರು, ಇದ್ದಷ್ಟು ಕಳಸ್ರಿ, ಬೆಂಗಳೂರಾಗ ಅವ್ರು ನೋಡ್ಕೋತಾರ ಅಂದ್ರು. ಕಳಿಸಿದ್ವಿ. ಅಲ್ಲಿ ಯಾರೂ ನೋಡ್ಕೊಳ್ಳಲಿಲ್ಲ.

ಉತ್ತರದ ಕಾಗದ ಬಂತು. ರಾಮದುರ್ಗದ ಮುಂದ ಬತ್ತಿದ ಬಾವಿ ಸೊನ್ನಿ. ಸಾಹೇಬ್ರು ಕೆಟ್ಟವ್ರಲ್ಲ, ಬೆಂಗಳೂರಿಗೆ ಟ್ರಂಕ್ ಕಾಲ್ ಹಚ್ಚಿದ್ರು. ಅಲ್ಲಿಯವ್ರು, ಹೌದ್ರಿ, ಎರಡನೇ ಹಂತಕ್ಕ ಒಂದೂ ಕಾರ್ಡು ಸಿಕ್ಕಿಲ್ಲ, ಸಿಗದಿದ್ರ ಮಷೀನು ಸೊನ್ನಿ ಅಂತನ ಬರೀತದ, ಮುಂದಿನ ಸರ್ತಿ ಕಾರ್ಡೆಲ್ಲ ಮೊದ್ಲ ಮಷೀನಿನೊಳಗಿನ ಡಿಸ್ಕಿನ ಮ್ಯಾಲೆ ನಕಲು ಮಾಡಿಟ್ಟು, ಎರಡೂ ಹಂತ ಅಲ್ಲಿಂದನ ಓದೂವಂಗ ಮಾಡತೇವಿ, ಒಂದ ಕಟ್ಟು ಸಾಕಾಗತೈತಿ ಅಂದ್ರಂತ. ಬುದ್ಧಿ ಇತ್ತಪಾ, ಇರಲಿಲ್ಲ ಅನ್ನಂಗಿಲ್ಲ. ಆದ್ರ ಮಷೀನಿನ ಪಾಳಿ ಮತ್ತ ಸಿಗೂದು ತಿಂಗಳಾದ ಮ್ಯಾಲೆ. ನಾ ಅಳಕೋತ ನಿಂತೆ. "ಸಾಹೇಬ್ರ, ಸುರೇಬಾನದಾಗ ಕುಡಿಯಾಕ ನೀರಿಲ್ರಿ, ನಮ್ಮಕ್ಕ ಅದಾಳ್ರಿ ಅಲ್ಲಿ." ಅವ್ರು ಚಷ್ಮಾ ತಗದು ಒರಸ್ಕೋತ, "ಗೊತ್ತೈತಿ ತಾಯಿ. ಆದ್ರ ಟ್ಯಾಂಕರ್ ಹಂಚಿ ಮುಗಿಸ್ಯಾರ. ಕಾಗದದಾಗ ಸೊನ್ನಿ ಐತಿ" ಅಂದ್ರು.

ಆ ತಿಂಗಳು ಹೆಂಗ ಕಳದೆ, ದೇವರಿಗೇ ಗೊತ್ತು. ಪಾಳಿ ಬಂತು, ಲೆಕ್ಕ ಸರಿ ಬಂತು, ಟ್ಯಾಂಕರೂ ಹೋತು. ಅಷ್ಟೊತ್ತಿಗೆ ಅಕ್ಕನ ಮನಿಗೆ ಕೀಲಿ ಬಿದ್ದಿತ್ತು. ಹೋಗುವಾಗ ಬಸ್ ಕಂಡಕ್ಟರ್ ಕೈಯಾಗ ಹೇಳಿ ಕಳಿಸಿದ್ಲು, ನಮ್ಮ ತಂಗಿ ನಮ್ಮೂರ ಕಾರ್ಡು ಹೊಡಿಲಿಲ್ಲೇನು ಕೇಳ್ರಿ ಅಂತ. ಹೊಡದಿದ್ನೆವ್ವಾ, ಒಂದೊಂದೂ ಹೊಡದಿದ್ದೆ. ಅದನ್ನ ಆಕಿಗೆ ಹೇಳಾಕ ಆಗಲೇ ಇಲ್ಲ. ಗೋವಾದಾಗ ಕಲ್ಲು ಹೊತ್ತು ಅಲ್ಲೇ ಸತ್ಲು, ಆಕಿನ್ನ ಮಣ್ಣು ಮಾಡೂದಕ್ಕೂ ನಾ ಹೋಗಿ ಮುಟ್ಟಲಿಲ್ಲ. ಅದಕ್ಕ ಹೇಳತೇನಿ, ಕಾಗದದಾಗ ಸೊನ್ನಿ ಐತಿ, ಅವರಿಗೇನೂ ತ್ರಾಸಿಲ್ಲ ಬಿಡ್ರಿ ಅಂತ ಯಾರರ ಅಂದ್ರ, ಆ ಮನಿ ಬಾಗಲಾ ಬಡದು ಕೇಳಿ ಬಂದೀರೇನು ಅಂತ ಕೇಳ್ರಿ. ಅಷ್ಟ.