ಆರದ ದೀಪ

ಅಲ್ಲ ಅಕ್ಕಾ, ಇದು ನಾನು ಕಟ್ಟಿದ ಕಥೆಯಲ್ಲ. ನನಗೆ ಮೊದಲು ಹೇಳಿದವಳು ನಮ್ಮ ಮನೆಯವಳು. ಹೆತ್ತವರಿಗೆ ಒಬ್ಬಳೇ ಮಗಳು, ಸುಳ್ಳು ಹೇಳಿ ಅಭ್ಯಾಸವಿಲ್ಲ. ನಿಮ್ಮ ಬಾವಿಗೆ ಇಳಿಯುತ್ತೇನೆ, ಹೂಳು ಎತ್ತುತ್ತೇನೆ, ಅನುಮಾನ ಬೇಡ. ಬಾವಿಗಿಳಿದು ಮರೆವು ಹತ್ತಿಸಿಕೊಂಡವನು ನೀನೇ ಅಲ್ಲವೇ ಅಂದಿರಲ್ಲ... ನಾನಲ್ಲ! ಅವನು ನನ್ನ ಷಡ್ಡಕ. ಹೆಂಡತಿಯ ತಂಗಿಯ ಗಂಡ.

ಯಾಕೆ ಹುಬ್ಬು ಏರಿಸುತ್ತೀರಿ? ಕೇಳಿ ಮೊದಲು. ಈ ಅಪವಾದದಿಂದ ನನ್ನನ್ನು ಯಾರೂ ಕೆಲಸಕ್ಕೇ ಕರೆಯುತ್ತಿಲ್ಲ. ಬೇರೆ ಕಸುಬು ನನಗೆ ಬರುವುದಿಲ್ಲ.

ಬಹಳ ದಿನ ಮುಚ್ಚಿಟ್ಟ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದಕ್ಕೇ ನಾವು ಹಗ್ಗಕ್ಕೆ ಕಟ್ಟಿ ಮೊದಲು ದೀಪ ಇಳಿಸುವುದು. ದೀಪ ಆರಿತೋ, ಇಳಿಯಬಾರದು, ಅಷ್ಟೇ. ಷಡ್ಡಕ ಇಳಿಸಿದ. ಆರಿತು. ಮತ್ತೆ ಹಚ್ಚಿ ಇಳಿಸಿದ. ಮತ್ತೆ ಆರಿತು! 'ಥೂ, ದರಿದ್ರ ಬತ್ತಿ!' ಅಂತ ಬೈದು ಏನು ಮಾಡಿದ ಗೊತ್ತೇ? ಟಾರ್ಚು ಇಳಿಸಿದ! ಟಾರ್ಚು, ಅಕ್ಕಾ! ಅದು ಆರುತ್ತದೆಯೇ? ತಳ ಮುಟ್ಟಿದರೂ ಝಗ್ಗಂತ ಉರಿಯಿತು. 'ಇದಪ್ಪಾ ದೀಪ ಅಂದರೆ!' ಅಂತ ಇಳಿದೇಬಿಟ್ಟ ಪುಣ್ಯಾತ್ಮ.

ನಗಿ, ನಗಿ. ನಾನೂ ನಕ್ಕಿದ್ದೆ.

ಭಗವಂತ ದೊಡ್ಡವನು, ಮೇಲಿದ್ದವರು ಹಗ್ಗ ಎಳೆದರು. ಜೀವ ಉಳಿಯಿತು. ಆದರೆ... ತಲೆಯೊಳಗೆ, ಕಿವಿಯ ನೇರಕ್ಕೆ, ಹೊಸ ನೆನಪು ಕೂಡಿಡುವ ಒಂದು ಜಾಗವಿದೆಯಂತೆ. ಆಮ್ಲಜನಕ ಸಿಗದಿದ್ದರೆ ಮೊದಲು ಸೊರಗುವುದೇ ಅದು, ಅಂದರು ಡಾಕ್ಟರು. ಹಳೆಯದು ಹೆಚ್ಚು ಕೆಡಲಿಲ್ಲ. ಒಂದನೇ ಕ್ಲಾಸಿನ ಮೇಷ್ಟ್ರ ಬೆತ್ತ ಎಷ್ಟು ಉದ್ದವಿತ್ತು ಅಂತ ಕೇಳಿ, ಹೇಳುತ್ತಾನೆ. ಬೆಳಿಗ್ಗೆ ಸ್ನಾನವಾಯಿತೇ ಅಂದರೆ, ತಲೆ ಮುಟ್ಟಿ ನೋಡಿಕೊಳ್ಳುತ್ತಾನೆ! ಒದ್ದೆಯಿದ್ದರೆ ಆಗಿದೆ, ಒಣಗಿದ್ದರೆ ಮತ್ತೊಮ್ಮೆ. ಮನೆಗೆ ಬಂದ ಭಾವಮೈದುನ ಕೈ ತೊಳೆಯಲು ಹಿತ್ತಲಿಗೆ ಹೋಗಿ ಬಂದರೆ, 'ಓಹೋ, ಯಾವಾಗ ಬಂದೆ?' ಅಂತ ಅಪ್ಪಿಕೊಳ್ಳುತ್ತಾನೆ. ಲಾಭ ಆದದ್ದು ಅತ್ತೆಗೆ. ಅವರ ಒಂದೇ ಒಂದು ಹಳೇ ತಮಾಷೆಗೆ ದಿನಾ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಅಂಥ ಅಳಿಯ ಯಾರಿಗೆ ಸಿಕ್ಕಾನು!

ಏನು? ಒಬ್ಬಳೇ ಮಗಳಿಗೆ ತಂಗಿ, ತಮ್ಮ ಎಲ್ಲಿಂದ ಬಂದರು ಅಂತಲೇ? ಅದು... ದೊಡ್ಡಪ್ಪನ ಮಕ್ಕಳು. ಹೂಂ. ಚಿಕ್ಕಪ್ಪನ ಮಕ್ಕಳು. ಬಿಡಿ ಅಕ್ಕಾ, ಹೊತ್ತಾಯಿತು. ಕಸುಬು ಮರೆತಿಲ್ಲ ನಾನು. ಮೊದಲು ದೀಪ. ಇಗೋ, ಹಗ್ಗಕ್ಕೆ ಕಟ್ಟಿದೆ... ಇಳಿಯಿತು... ಇಳಿಯಿತು... ತಳ ಮುಟ್ಟಿತು. ಬಗ್ಗಿ ನೋಡಿ! ಒಂದಿಷ್ಟಾದರೂ ಅಲುಗಾಡಿತೇ? ಝಗ್ಗಂತ ಉರಿಯುತ್ತಿದೆ. ಗಾಳಿ ಚೊಕ್ಕವಾಗಿದೆ. ಇಳಿಯಲೇ?

ಅಕ್ಕಾ?

ಇಷ್ಟು ಹೊತ್ತು ನಗುತ್ತಿದ್ದಿರಿ. ನನ್ನ ತೋಳು ಯಾಕೆ ಹಿಡಿದುಕೊಂಡಿರಿ? ಬಾವಿಯೊಳಗೆ ಏನಿದೆ ಅಂತ ಹಾಗೆ...

ಓ.

ಟಾರ್ಚು.

...ಬಿಡಿ ಅಕ್ಕಾ. ಷಡ್ಡಕನೂ ಇಲ್ಲ, ಯಾರೂ ಇಲ್ಲ. ಬೇರೆಯವರನ್ನು ಇಳಿಸಿ. ನಾನು ಮೇಲೆ ಕೂತು ಹಗ್ಗ ಎಳೆಯುತ್ತೇನೆ. ಎಳೆಯುವುದು ಹಳೇ ನೆನಪು, ಕೆಟ್ಟಿಲ್ಲ. ದೀಪ ಮಾತ್ರ ನೀವೇ ಕಟ್ಟಿ.

ಈ ಕಥೆಯನ್ನು ಬಾವಿ ಇರುವ ಮನೆಗಳಿಗೆಲ್ಲ ಹೇಳಿ, ಅಕ್ಕಾ. ನಾಳೆ ನಾನು ಮತ್ತೆ ಹಗ್ಗ ಹೊತ್ತು ಈ ಬಾಗಿಲಿಗೆ ಬಂದರೆ, ಮೊದಲು ನನಗೇ ಹೇಳಿ.